ಆರು ವರ್ಷದ ಕೈಬರಹ

ಬೆಳಗ್ಗೆ ಎದ್ದಾಗಿನಿಂದ ಮುದುಕಿ ಅಡಿಗೆಮನೆಯ ಸಿಂಕು ಬಿಟ್ಟು ಕದಲಿರಲಿಲ್ಲ. ಸೊಸೆ ಮೊಟ್ಟೆ ಬೇಯಿಸಿ, ಬ್ರೆಡ್ಡಿಗೆ ಬೆಣ್ಣೆ ಸವರಿ ಡಬ್ಬಿಗಳಿಗೆ ತುಂಬುತ್ತ, ಇವತ್ತು ಪಾಠ ಮನೆಯಲ್ಲಲ್ಲ, ಅಂಚೆ ಕಚೇರಿಯಲ್ಲಿ ಎಂದು ಮಕ್ಕಳಿಗೆ ಮೂರನೆಯ ಸಲ ಹೇಳುತ್ತಿದ್ದಳು. ಹೊರಗೆ ಕರೆದುಕೊಂಡು ಹೋಗಿ ಮಾಡುವ ಪಾಠವೆಂದರೆ ಅವಳಿಗೆ ಎಲ್ಲಿಲ್ಲದ ಸಡಗರ. ಮಕ್ಕಳನ್ನು ಶಾಲೆ ಬಿಡಿಸಿ ಮನೆಯಲ್ಲಿ ಕೂಡಿಹಾಕಿಕೊಂಡಿದ್ದಾಳೆ ಎಂದು ಆಡಿಕೊಳ್ಳುವವರ ಬಾಯಿಗೆ ಅದು ಬೀಗ. ಬೇಕರಿಗೆ ಹೋಗಿ ಬಂದಿದ್ದರು, ನೀರಿನ ಟ್ಯಾಂಕು ಹತ್ತಿ ಇಳಿದಿದ್ದರು, ಬೆಂಕಿ ಆರಿಸುವವರ ಠಾಣೆಯಲ್ಲಿ ದೊಡ್ಡವನು ಗಂಟೆ ಬಾರಿಸಿ ಬೈಸಿಕೊಂಡಿದ್ದ. ಎಲ್ಲ ಕಡೆಗೂ ಮುದುಕಿ ಹೋಗಿದ್ದಳು, ಚೀಲ ಹಿಡಿದುಕೊಳ್ಳುವುದಕ್ಕೆ. ಚೀಲ ಹಿಡಿಯುವ ಕೆಲಸದಲ್ಲಿ ತಪ್ಪು ಮಾಡುವುದಕ್ಕೇನೂ ಇರುವುದಿಲ್ಲ. ಆದರೆ ಇವತ್ತು ಸೊಸೆ ಡಬ್ಬಿಯ ಮುಚ್ಚಳ ಒತ್ತುತ್ತ, 'ಇವತ್ತು ಮಿಡತೆ ಅಪ್ಪನಿಗೆ ತಾನೇ ಕಾರ್ಡು ಬರೀತಾಳೆ, ಅಲ್ವಾ?' ಎಂದಳು. ಮಿಡತೆ ಎಂದರೆ ಕಿರಿಯವಳು, ಆರು ವರ್ಷದವಳು. ಒಂದು ಕಡೆ ಕೂರುವುದಿಲ್ಲವೆಂದು ಅಪ್ಪನೇ ಇಟ್ಟ ಅಡ್ಡಹೆಸರು. ಮಿಡತೆ ಹಾಲಿನ ಲೋಟದ ಮೇಲಿಂದ ಅಜ್ಜಿಯ ಕಡೆ ನೋಡಿದಳು. ಮುದುಕಿ ಸಿಂಕಿನ ಕಡೆ ತಿರುಗಿ, ತೊಳೆದಿಟ್ಟ ಚಮಚವನ್ನೇ ಮತ್ತೆ ತೊಳೆದಳು.

ಮಿಡತೆಗೆ ಬರೆಯಲು ಬರುತ್ತಿರಲಿಲ್ಲ. ಓದಲೂ ಬರುತ್ತಿರಲಿಲ್ಲ; ಅಮ್ಮ ಓದು ಎಂದರೆ ಒಮ್ಮೆ ಕೇಳಿದ್ದನ್ನೇ ಬಾಯಿಪಾಠ ಒಪ್ಪಿಸುತ್ತಿದ್ದಳು. ಏಳು ತಿಂಗಳಿಂದ ಅವಳ ಹಾಳೆಗಳನ್ನೆಲ್ಲ ಬರೆದವಳು ಮುದುಕಿ. ಹಾಗೆಂದು ತನಗೆ ತಾನೇ ಬಾಯಿಬಿಟ್ಟು ಹೇಳಿಕೊಂಡದ್ದಿಲ್ಲ. ಹೇಳಿಕೊಳ್ಳಬೇಕಾಗಿ ಬಂದಾಗಲೆಲ್ಲ ಅವಳ ಮನಸ್ಸು ಮೊದಲ ದಿನಕ್ಕೆ ಓಡುತ್ತಿತ್ತು, ಮೊದಲ ದಿನದಲ್ಲಿ ತಪ್ಪಿರಲಿಲ್ಲವಲ್ಲ. ಆ ದಿನ ಸೊಸೆ ಐದು ಸಾಲು ಹಾಕಿಕೊಟ್ಟು, ದೊಡ್ಡವನಿಗೆ ಭಾಗಾಕಾರ ಹೇಳಿಕೊಡಲು ಆಚೆ ಕೋಣೆಗೆ ಹೋಗಿದ್ದಳು. ಮಿಡತೆ ಮೇಜಿನ ಕೆಳಗೆ ನುಸುಳಿ ಅಳುತ್ತಿದ್ದಳು. ಸದ್ದಿರಲಿಲ್ಲ, ಭುಜ ಮಾತ್ರ ಕುಣಿಯುತ್ತಿತ್ತು. ಮೂಲೆಯಲ್ಲಿ ಅಂಗಿಗೆ ಗುಂಡಿ ಹೊಲಿಯುತ್ತ ಕೂತಿದ್ದ ಮುದುಕಿ, 'ಏಳು ಕಂದ, ಒಂದು ಸಾಲು ನಾನು ಬರೀತೀನಿ, ಒಂದು ನೀನು' ಎಂದಳು. ಐದನ್ನೂ ಅವಳೇ ಬರೆದಳು. ಆ ಮೂಲೆಯಲ್ಲಿ ಕೂತು ಕೂತು, ದೊಡ್ಡವನಿಗೆ ಹೇಳಿದ್ದು, ಕಿರಿಯವಳಿಗೆ ಹೇಳಿದ್ದು, ವರ್ಷಕ್ಕೂ ಮೇಲೆ ಕಣ್ಣಿಗೆ ಕಿವಿಗೆ ಬಿದ್ದದ್ದು ಯಾವಾಗ ಕೈಗೆ ಇಳಿದಿತ್ತೋ ಅವಳಿಗೇ ತಿಳಿಯದು. ಪೆನ್ಸಿಲು ಬೆರಳಲ್ಲಿ ನಿಲ್ಲಲಿಲ್ಲ. ಗೆರೆ ನಡುಗಿತು, ದುಂಡಗಿರಬೇಕಾದ್ದು ಮೊಟ್ಟೆಯಾಯಿತು, ಕೊಂಬು ಹೋಗಿ ಪಕ್ಕದ ಅಕ್ಷರಕ್ಕೆ ತಿವಿಯಿತು. ಆರು ವರ್ಷದ ಕೈ ಹೇಗೆ ಬರೆಯುತ್ತದೋ ಅರವತ್ತೆಂಟರ ಕೈಯೂ ಹಾಗೆಯೇ ಬರೆಯಿತು. ಸೊಸೆ ಬಂದು ನೋಡಿದಳು. ಅವಳ ಮುಖ ಅರಳಿದ್ದನ್ನು ಮುದುಕಿ ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. 'ಅಬ್ಬಾ ನನ್ನ ಚಿನ್ನ! ಯಾರು ಬರ್ದಿದ್ದು ಇದನ್ನ?' ಎಂದು ಕೆಂಪು ಪೆನ್ಸಿಲಿನಲ್ಲಿ ಹಾಳೆಯ ಮೂಲೆಗೊಂದು ನಕ್ಷತ್ರ ಹಾಕಿದಳು. ಮಿಡತೆ, 'ನಾನೇ' ಎಂದಳು. ಮುದುಕಿ ಸೂಜಿಗೆ ದಾರ ಪೋಣಿಸಿದಳು.

ಎರಡನೆಯ ದಿನದ್ದು ಮಗುವಿನ ಅಳುವಿಗಾಗಿ ಎನ್ನಬಹುದು. ಹತ್ತನೆಯ ದಿನ ಮಿಡತೆ ಅಳಲೇ ಇಲ್ಲ. ಪೆನ್ಸಿಲನ್ನು ಅಜ್ಜಿಯ ಕಡೆ ನೂಕಿ, ತನ್ನ ಪಾಡಿಗೆ ತಾನು ಬೆಂಕಿಪೊಟ್ಟಣದಲ್ಲಿ ಇರುವೆ ಸಾಕುತ್ತ ಕೂತಳು. ಅದಕ್ಕೆ ಏನೆನ್ನುವುದು? ಮಧ್ಯಾಹ್ನ ಎಲ್ಲರೂ ಒರಗಿದಾಗ ಮುದುಕಿ ಕಪಾಟಿನಿಂದ ಹಾಳೆಗಳ ಕಟ್ಟು ತೆಗೆದು ನಕ್ಷತ್ರಗಳ ಮೇಲೆ ಬೆರಳಾಡಿಸುತ್ತಿದ್ದಳು. ಕೆಲವು ನಕ್ಷತ್ರ ಒತ್ತಿ ಹಾಕಿದ್ದವು, ಹಾಳೆಯ ಬೆನ್ನಿಗೆ ಉಬ್ಬು ಬಂದಿತ್ತು. ಚಿಕ್ಕಂದಿನಲ್ಲಿ ಅವಳೂ ಒಂದೂವರೆ ವರ್ಷ ಶಾಲೆಗೆ ಹೋಗಿದ್ದಳು, ಸೊಂಟದ ಮೇಲೆ ತಮ್ಮನನ್ನು ಹೊತ್ತುಕೊಂಡು. ತಮ್ಮ ಒಂದು ದಿನ ನೆಲದ ಮೇಲೆ ಉಚ್ಚೆ ಹೊಯ್ದ. ಮೇಷ್ಟರು ಬೈಯಲಿಲ್ಲ, ಹೊಡೆಯಲಿಲ್ಲ. ಮೂಗಿಗೆ ಕರವಸ್ತ್ರ ಹಿಡಿದು, 'ಇಂಥವಕ್ಕೆಲ್ಲ ಇದು ಯಾಕೆ ಬೇಕು' ಎಂದು ಗೋಡೆಯನ್ನು ಕೇಳಿದ ಹಾಗೆ ಕೇಳಿದರು. ಗೋಡೆ ಉತ್ತರ ಕೊಡಲಿಲ್ಲ, ಅವಳು ಮಾರನೆಯ ದಿನ ಹೋಗಲಿಲ್ಲ. ಆಮೇಲೆ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಮೂವತ್ತೊಂದು ವರ್ಷ ಹಾಸಿಗೆಬಟ್ಟೆ ಮಡಿಸಿದಳು. ಯಾವುದು ಯಾವ ವಾರ್ಡಿನದೆಂದು ಅಂಚಿಗೆ ಕೆಂಪು ದಾರದಲ್ಲಿ ಅಕ್ಷರ ಹೊಲಿದಿರುತ್ತಿತ್ತು. ಅವಳು ಅವನ್ನು ಮುಖ ಗುರುತು ಹಿಡಿದ ಹಾಗೆ ಹಿಡಿಯುತ್ತಿದ್ದಳು: ಇದು ಬೆನ್ನು ಬಾಗಿದ ಮುದುಕ, ಇದು ಕಾಲು ಚಾಚಿ ಕೂತವಳು, ಇದು ಬಸುರಿ. ಒಂದು ಸಲವೂ ತಪ್ಪಲಿಲ್ಲ. ತಪ್ಪದ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ಸೊಸೆ ಕೂಗಿದಾಗಲೇ ಅವಳ ಕೈಯಲ್ಲಿನ ಚಮಚ ಕೆಳಕ್ಕೆ ಬಿದ್ದದ್ದು.

ಬಸ್ಸಿನಲ್ಲಿ ಸೊಸೆ ಎದುರು ಸೀಟಿನಲ್ಲಿ ಕೂತು, ಮಕ್ಕಳಿಗೆ ಪತ್ರ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ವಿವರಿಸುತ್ತಿದ್ದಳು. ಒಳ್ಳೆಯ ಹೆಣ್ಣು, ಅದರಲ್ಲಿ ಎರಡು ಮಾತಿಲ್ಲ. ಮನೆಯಲ್ಲಿ ಮಕ್ಕಳಿಗೆ ತಮಾಷೆಗೂ ಸುಳ್ಳು ಹೇಳಬಾರದೆಂದು ಅವಳ ಕಟ್ಟಳೆ. ಬಿಸ್ಕತ್ತನ್ನು ಕಾಗೆ ಕಚ್ಚಿಕೊಂಡು ಹೋಯಿತೆಂದು ಮುದುಕಿ ಒಂದು ಸಲ ಮಿಡತೆಗೆ ಅಂದದ್ದಕ್ಕೆ, 'ಅತ್ತೆ, ಕಾಗೆ ತಗೊಂಡು ಹೋಗ್ಲಿಲ್ಲ. ನೀವು ಡಬ್ಬೀಲಿ ಬಚ್ಚಿಟ್ರಿ. ಹಾಗೇ ಹೇಳಿ ಅವಳಿಗೆ' ಎಂದಿದ್ದಳು. ಮುದುಕಿ ಮೊಮ್ಮಗಳ ಮುಂದೆ ನಿಂತು, ಬಿಸ್ಕತ್ತು ಬಚ್ಚಿಟ್ಟವಳು ನಾನೇ ಎಂದು ಒಪ್ಪಿಸಿದ್ದಳು. ಕಾಗೆಯ ಸುಳ್ಳಿಗೇ ಹಾಗಾದರೆ ಇದಕ್ಕೆ ಹೇಗೆ? ಮಗನ ಮಾತು ಬೇರೆ ಇತ್ತು. ಪಾಠದ ವರ್ಷದ ಮೊದಲಲ್ಲಿ ಅವನು ಊಟದ ತಟ್ಟೆಯಿಂದ ತಲೆಯೆತ್ತದೆ ಹೆಂಡತಿಗೆ ಹೇಳಿದ್ದ: 'ದೊಡ್ಡೋನಿಗೆ ಓದೋಕೆ ಬರುತ್ತೆ ಅಂದ್ರೆ ಅದು ಶಾಲೆಯವರು ಕಲಿಸಿದ್ದು. ಇವಳಿಗೆ ನೀನು ಕಲಿಸಿ ತೋರಿಸು. ವರ್ಷದ ಕೊನೇಲಿ ನಾನೇ ಕೂರಿಸ್ಕೊಂಡು ಓದಿಸ್ತೀನಿ. ಬರ್ಲಿಲ್ಲ ಅಂದ್ರೆ ಇಬ್ಬರೂ ಶಾಲೆಗೆ. ಆಮೇಲೆ ಈ ಮನೆಪಾಠದ ಸುದ್ದಿ ಎತ್ತಬಾರ್ದು.' ಸೊಸೆ ಎದುರಾಡಲಿಲ್ಲ. ಅವತ್ತಿನಿಂದ ದಿನಾ ಸಂಜೆ ಅವನ ತಟ್ಟೆಯ ಪಕ್ಕದಲ್ಲಿ ಮಿಡತೆಯ ಹಾಳೆ ಇಡುತ್ತಾಳೆ. ಅವನು ಅಗಿಯುತ್ತ ನೋಡುತ್ತಾನೆ, 'ಹೂಂ' ಎನ್ನುತ್ತಾನೆ. ಮೊದಮೊದಲು ಆ ಹೂಂ ಗಂಟಲೊಳಗೇ ಇರುತ್ತಿತ್ತು, ಈಚೆಗೆ ತುಟಿಯ ತನಕ ಬಂದಿದೆ. ವರ್ಷ ಮುಗಿಯಲು ಇನ್ನು ಎರಡು ತಿಂಗಳು. ಎರಡು ತಿಂಗಳಲ್ಲಿ ಮಿಡತೆ ಹೇಗೋ ತಾನಾಗಿ ಕಲಿತುಬಿಡುತ್ತಾಳೆ, ತಾನು ಕಲಿಯಲಿಲ್ಲವೇ ಎಂದು ಮುದುಕಿ ದಿನಾ ಅಂದುಕೊಳ್ಳುತ್ತಿದ್ದಳು. ಅಂದುಕೊಳ್ಳುತ್ತಲೇ ಮಾರನೆಯ ದಿನದ ಹಾಳೆಗೆ ಪೆನ್ಸಿಲು ಕೆತ್ತುತ್ತಿದ್ದಳು.

ಅಂಚೆ ಕಚೇರಿಯ ಹಿಂಬದಿಗೆ ಕಾಗದ ವಿಂಗಡಿಸುವ ಕೋಣೆ. ಗೋಣಿ, ಅಂಟು, ಹಳೆಯ ಶಾಯಿ ಮೂರೂ ಕೂಡಿದ ವಾಸನೆ. ಗೋಡೆಯುದ್ದಕ್ಕೂ ಮರದ ಖಾನೆಗಳು, ಒಂದೊಂದರ ಮೇಲೂ ಚೀಟಿ. ಮುದುಕಿ ಬೇಡವೆಂದುಕೊಂಡರೂ ಚೀಟಿಗಳನ್ನು ಓದಿದಳು: ಹೊಸಬೀದಿ, ಬಂದರು, ಮೇಲಿನಕೇರಿ. ಕನ್ನಡಕ ಹಾಕಿದ ಹೆಂಗಸೊಬ್ಬಳು ತನ್ನ ಮಗನ ಕೈ ಹಿಡಿದುಕೊಂಡು ಆಗಲೇ ಬಂದು ನಿಂತಿದ್ದಳು. ಅವಳೂ ಮನೆಯಲ್ಲೇ ಪಾಠ ಹೇಳುವವಳು; ಪ್ರವಾಸಗಳಲ್ಲಿ ಸೊಸೆಗೆ ಜೊತೆ, ಸೊಸೆಗೆ ಸ್ಪರ್ಧೆ ಕೂಡ. ಮಗನಿಗೂ ಮಿಡತೆಯ ವಯಸ್ಸೇ. ಗುಮಾಸ್ತ ಬಂದ. ನಿವೃತ್ತಿಯ ಅಂಚಿನವನು, ತೋರುಬೆರಳಿಗೆ ರಬ್ಬರಿನ ಟೋಪಿ.

'ಬನ್ನಿ ಬನ್ನಿ, ಶಾಲೆ ಇಲ್ಲದ ವಿದ್ಯಾರ್ಥಿಗಳು.'

'ಶಾಲೆ ಇದೆ, ಮನೇಲಿದೆ' ಎಂದ ದೊಡ್ಡವನು.

'ಓಹೋ. ಹಾಗಾದ್ರೆ ಹೆಡ್‌ಮೇಷ್ಟ್ರು ಯಾರು?'

'ಅಮ್ಮ.'

'ಮತ್ತೆ ಜವಾನ?'

ಹುಡುಗ ಹಿಂದೆ ತಿರುಗಿ, ಎರಡು ಕೈಯಲ್ಲಿ ಮೂರು ಚೀಲ ಹಿಡಿದು ನಿಂತಿದ್ದವಳನ್ನು ನೋಡಿದ. 'ಅಜ್ಜಿ!'

ಎಲ್ಲರೂ ನಕ್ಕರು. ನಗದಿದ್ದರೆ ಚೆನ್ನಾಗಿರುವುದಿಲ್ಲವೆಂದು ಮುದುಕಿಯೂ ನಕ್ಕಳು.

ಗುಮಾಸ್ತ ಒಂದು ಕಟ್ಟು ಕಾಗದ ಹಿಡಿದು ನಿಂತ. ಕಣ್ಣು ಒಂದರ ಮೇಲಿದ್ದರೆ ಕೈ ಹಿಂದಿನದನ್ನು ಖಾನೆಗೆ ಎಸೆಯುತ್ತಿತ್ತು. ಮಕ್ಕಳು ಚಪ್ಪಾಳೆ ತಟ್ಟಿದರು. ಆಮೇಲೆ ಮೂಲೆಯ ಮೇಜು ತೋರಿಸಿದ. 'ಇವು ಅನಾಥರು. ವಿಳಾಸ ಓದೋಕಾಗಲ್ಲ. ಬರ್ದೋರಿಗೂ ಇಲ್ಲ, ಪಡೆಯೋರಿಗೂ ಇಲ್ಲ.' ಮುದುಕಿ ಆ ರಾಶಿಯನ್ನು ನೋಡುತ್ತ ನಿಂತಳು. ಗಂಡ ಸೇತುವೆ ಕಟ್ಟುವ ಕೆಲಸಕ್ಕೆ ದೂರ ಹೋಗಿದ್ದಾಗ ಕಾಗದ ಬರೆಯುತ್ತಿದ್ದ. ಓದುತ್ತಿದ್ದವಳು ನೆರೆಮನೆಯ ದರ್ಜಿಯ ಹೆಂಡತಿ, ಬಾಯಲ್ಲಿ ಬಿಸ್ಕತ್ತು ಇಟ್ಟುಕೊಂಡು. ನಡುವೆ ಒಂದು ಕಡೆ ಗಕ್ಕನೆ ನಿಂತು, ಮನಸ್ಸಿನಲ್ಲೇ ಓದಿಕೊಂಡು, ತುಟಿ ಕಚ್ಚಿ ನಗುತ್ತಿದ್ದಳು. 'ಇದು ಬೇಡ ಬಿಡೇ, ಗಂಡಸರು ಏನೇನೋ ಬರೀತಾರೆ.' ಕೇಳುತ್ತ ಕೂತ ಇವಳಿಗೆ ಕಿವಿಯ ತನಕ ಬಿಸಿಯೇರುತ್ತಿತ್ತು. ಗಂಡ ಬಂದ, ಇದ್ದ, ಸತ್ತ. ಬದುಕಿರುವ ತನಕ ಒಂದು ಮೆತ್ತನೆಯ ಮಾತಾಡಿದವನಲ್ಲ. ಆದರೂ ಕಾಗದದಲ್ಲಿ ಏನೋ ಇದೆ, ದರ್ಜಿಯ ಹೆಂಡತಿ ನುಂಗಿದ್ದು ಅದನ್ನೇ ಎಂದು ನಂಬಿ ಮುದುಕಿ ಆ ಕಾಗದಗಳನ್ನು ಕಾಪಾಡಿಕೊಂಡು ಬಂದಿದ್ದಳು. ಹೋದ ತಿಂಗಳು ಪೆಟ್ಟಿಗೆಯಿಂದ ಅವನ್ನು ತೆಗೆದು, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದಳು. ಇಲ್ಲಿ ಚಳಿ ಇದೆ. ಕಂಬಳಿ ಕಳಿಸು. ಮಗುವಿನ ಕೆಮ್ಮು ಹೇಗಿದೆ. ಎಲ್ಲದರಲ್ಲೂ ಅಷ್ಟೇ. ಆ ಹೆಂಗಸು ಎಲ್ಲಿ ನಿಂತಳು, ಯಾವುದಕ್ಕೆ ನಕ್ಕಳು ಎಂದು ಹುಡುಕಿ ಹುಡುಕಿ ಕಣ್ಣು ನೋಯಿತು. ನಗುವಂಥದ್ದೇನೂ ಅಲ್ಲಿರಲಿಲ್ಲ. ಓದಲು ಬಂದಿದ್ದರಿಂದ ಅವಳು ಕಳೆದುಕೊಂಡದ್ದು ಅದೊಂದು.

'ಎಲ್ಲರಿಗೂ ಒಂದೊಂದು ಕಾರ್ಡು' ಎಂದಳು ಸೊಸೆ. ದೊಡ್ಡವನು ತನಗೆ ಬೇಕಾದ್ದು ಬರೆಯಬಹುದು. ಮಿಡತೆಗೆ ಮಾತ್ರ ವಾಕ್ಯ ಕೊಟ್ಟಳು: 'ಅಪ್ಪಾ, ನನಗೆ ಈಗ ಓದಲು ಬರೆಯಲು ಬರುತ್ತದೆ. ಅಷ್ಟೇ. ಆಮೇಲೆ ಅಪ್ಪನ ಆಫೀಸಿನ ವಿಳಾಸ, ಈ ಚೀಟಿ ನೋಡ್ಕೊಂಡು.' ಗಟ್ಟಿಯಾಗಿ ಹೇಳಿದಳು, ಕನ್ನಡಕದವಳಿಗೂ ಕೇಳಲಿ ಎಂದು.

'ಎಲ್ಲರೂ ನೋಡಿದ್ರೆ ನಂಗೆ ಬರೆಯೋಕಾಗಲ್ಲ. ಅಜ್ಜಿ ಹತ್ರ ಕೂತು ಬರೀತೀನಿ' ಎಂದಳು ಮಿಡತೆ. ದಿನದ ಅಭ್ಯಾಸವೇ ಅದು, ಸೊಸೆ ಆಗಲಿ ಎಂದಳು. ಅಜ್ಜಿ ಮೊಮ್ಮಗಳಿಬ್ಬರೂ ಅಂಚೆಚೀಲಗಳ ರಾಶಿಯ ಹಿಂದಿನ ಬೆಂಚಿಗೆ ಹೋದರು.

'ಅಜ್ಜಿ, ಬೇಗ.'

'ಇವತ್ತು ನೀನೇ ಬರಿ ಕಂದ. ನಾನು ಕೈ ಹಿಡ್ಕೋತೀನಿ.'

'ನಂಗೆ ಬರಲ್ಲ.'

'ಮೊದಲನೇದು ಅ. ಎಷ್ಟು ಸಲ ನೋಡಿದ್ದೀಯ, ಒಂದು ಅ...'

'ನೀನು ಬರೀದಿದ್ರೆ ನಾನು ಅಮ್ಮನಿಗೆ ಹೇಳ್ತೀನಿ.'

ಸಿಟ್ಟಿನಿಂದ ಹೇಳಿದ್ದಲ್ಲ. ಹೊರಗೆ ಬಿಸಿಲಿದೆ ಎಂದ ಹಾಗೆ ಹೇಳಿತು ಮಗು, ಹೇಳಿ ಚೀಲದ ದಾರ ಎಳೆಯತೊಡಗಿತು. ಇದನ್ನು ಇದಕ್ಕೆ ಕಲಿಸಿದವರು ಯಾರು ಎಂದು ಮುದುಕಿಗೆ ಬೇರೆ ಯಾರನ್ನೂ ಕೇಳಬೇಕಾಗಿರಲಿಲ್ಲ. ಪೆನ್ನು ತೆಗೆದುಕೊಂಡಳು. ನಾಚಿಕೆಯ ಸಂಗತಿಯೆಂದರೆ, ಬರೆಯತೊಡಗಿದ ಮೇಲೆ ಬೆಳಗಿನಿಂದ ಇದ್ದ ಹೆದರಿಕೆ ಮರೆತೇಹೋಯಿತು. ಕಾರ್ಡು ದಪ್ಪಗಿತ್ತು, ಪೆನ್ನು ಜಾರುತ್ತಿತ್ತು. ಸಾಲು ಸೊಟ್ಟಗಾಗದ ಹಾಗೆ ಎಡಗೈ ಬೆರಳನ್ನು ಅಡಿಗೆ ಇಟ್ಟು, ಉಸಿರು ಹಿಡಿದು, ಒತ್ತಕ್ಷರ ಬಂದ ಕಡೆ ನಿಧಾನಿಸಿ, ಮಗನ ಆಫೀಸಿನ ಹೆಸರನ್ನು ಮೊದಲ ಸಲ ತನ್ನ ಕೈಯಲ್ಲಿ ಬರೆದಳು.

ಸೊಸೆ ಅದನ್ನು ಕನ್ನಡಕದವಳ ಮುಂದೆ ಹಿಡಿದಳು. 'ಏಳು ತಿಂಗಳ ಹಿಂದೆ ಪೆನ್ಸಿಲ್ ಹಿಡಿಯೋಕೆ ಬರ್ತಿರ್ಲಿಲ್ಲ, ನೋಡಿ.' ಕನ್ನಡಕದವಳು ನೋಡಿ, 'ನಮ್ಮೋನು ಇನ್ನೂ ಕಾಗುಣಿತದಲ್ಲೇ ಒದ್ದಾಡ್ತಿದ್ದಾನೆ. ನಿಮ್ಮ ಹಾಗೆ ತಾಳ್ಮೆ ನನಗಿಲ್ಲ' ಎಂದಳು. ಸೊಸೆಯ ಕತ್ತು ಒಂದಿಷ್ಟು ಎತ್ತರವಾದ ಹಾಗೆ ಮುದುಕಿಗೆ ಕಂಡಿತು. ಗುಮಾಸ್ತ ಮೂರು ಕಾರ್ಡಿಗೂ ಠಪ್ ಠಪ್ ಎಂದು ಮುದ್ರೆ ಹೊಡೆದ. ಹೊಡೆದು, ಮಕ್ಕಳಿಗೆ ಆಟವಾಗಲಿ ಎಂದು ಮೂರನ್ನೂ ಇಸ್ಪೀಟಿನೆಲೆಯ ಹಾಗೆ ಕಲಸಿ ಮೇಜಿನ ಮೇಲೆ ಹರಡಿದ.

'ನಿಮ್ಮ ನಿಮ್ಮದನ್ನ ಎತ್ಕೊಂಡು, ಏನು ಬರ್ದಿದ್ದೀರಿ ಓದಿ, ಖಾನೆಗೆ ಹಾಕಬೇಕು. ಮೊದಲು ಚಿಕ್ಕ ತಾಯಿ.'

ಮುದುಕಿ ಚೀಲಗಳನ್ನು ಕೆಳಗಿಟ್ಟಳು. ಮಿಡತೆ ಒಂದು ಕ್ಷಣವೂ ತಡೆಯದೆ ಒಂದು ಕಾರ್ಡು ಎತ್ತಿಕೊಂಡಳು. ಅಮ್ಮ ಪುಸ್ತಕದ ಮೇಲೆ ಬೆರಳಾಡಿಸುವ ಹಾಗೆಯೇ ಸಾಲಿನ ಕೆಳಗೆ ಬೆರಳಿಟ್ಟು, ಎಡದಿಂದ ಬಲಕ್ಕೆ ಸರಿಸುತ್ತ, ರಾಗವಾಗಿ ಓದಿದಳು: 'ಅಪ್ಪಾ, ನನಗೆ ಈಗ, ಓದಲು, ಬರೆಯಲು, ಬರುತ್ತದೆ.'

'ಏ, ಅದು ನಂದು!' ಎಂದು ಕನ್ನಡಕದವಳ ಮಗ ಕೂಗಿದ. 'ಅದ್ರಲ್ಲಿ ಮಾವಾ, ನಾಯಿ ಹೇಗಿದೆ ಅಂತ ಬರ್ದಿದ್ದೀನಿ!'

ಗುಮಾಸ್ತನಿಗೆ ನಗು ತಡೆಯಲಾಗಲಿಲ್ಲ. 'ಭಲೆ! ಓದೋಕೆ ಬರುತ್ತೆ ಅಂತ ಓದೋಕೆ ಬಾರದೇ ಓದಿದ್ಳಲ್ಲಪ್ಪ!' ದೊಡ್ಡವನು ಹೊಟ್ಟೆ ಹಿಡಿದುಕೊಂಡು ನಕ್ಕ. ಸೊಸೆಯ ಮುಖದ ಮೇಲೆ ನಗುವೊಂದು ಬಂದು, ಇಳಿಯಲು ದಾರಿ ಕಾಣದೆ ಅಲ್ಲೇ ನಿಂತಿತು. 'ತಮಾಷೆ ಮಾಡ್ತಾಳೆ' ಎಂದಳು. 'ಹೊಸಬರ ಮುಂದೆ ಹೀಗೇ ಅವಳು. ನಿಂದು ತಗೊಂಡು ಸರಿಯಾಗಿ ಓದು, ಪುಟ್ಟಾ.' ಮಿಡತೆ ಉಳಿದ ಎರಡು ಕಾರ್ಡನ್ನು ನೋಡಿದಳು. ಅಜ್ಜಿಯನ್ನು ನೋಡಿದಳು. ಅಣ್ಣನ ಕಾರ್ಡಿನ ಕಡೆ ಕೈ ಚಾಚಿ, ಅಣ್ಣನ ಮುಖ ನೋಡಿ, ಕೈ ಹಿಂದಕ್ಕೆ ತೆಗೆದುಕೊಂಡಳು. ಗುಮಾಸ್ತ ಆಟ ಕೆಟ್ಟಿತೆಂದು ಅರಿತವನ ಹಾಗೆ ಕಾರ್ಡುಗಳನ್ನು ಸರಸರನೆ ಎತ್ತಿ ಖಾನೆಗೆ ಎಸೆದ. 'ಹನ್ನೊಂದರ ಗಾಡಿಗೆ ಹೊತ್ತಾಯ್ತು' ಎನ್ನುತ್ತ ಇನ್ನೊಬ್ಬ ಬಂದು ಆ ಖಾನೆಗಳನ್ನು ಚೀಲಕ್ಕೆ ಬರಿದು ಮಾಡಿ, ಬಾಯಿ ಕಟ್ಟಿ ಅರಗು ಒತ್ತಿದ.

ಸೊಸೆ ಮಗಳ ಮುಂದೆ ಮಂಡಿಯೂರಿ ಕೂತಳು. ದನಿ ತಗ್ಗಿತ್ತು. ಅವಳ ದನಿ ತಗ್ಗಿದರೆ ಮನೆಯಲ್ಲಿ ಬೆಕ್ಕೂ ಹೊರಗೆ ಹೋಗುತ್ತದೆ. ಖಾನೆಯ ಚೀಟಿಯೊಂದನ್ನು ತೋರಿಸಿ, 'ಇದೇನು?' ಎಂದಳು.

ಮಿಡತೆ ಅಜ್ಜಿಯ ಕಡೆ ತಿರುಗಿದಳು.

'ಮೊದಲನೇ ಅಕ್ಷರ? ಹಟ ಮಾಡ್ಬೇಡ. ನಿನಗೆ ಬರುತ್ತೆ ಅಂತ ನನಗೆ ಗೊತ್ತು. ಕಾರ್ಡು ಬರ್ದಿದ್ದು ಯಾರು?'

'ನಾನೇ.'

'ಹಾಗಾದ್ರೆ ಓದು. ಓದೋವರೆಗೂ ಇಲ್ಲಿಂದ ಹೊರಡಲ್ಲ.'

'ಅದು ನಾನು ಬರ್ದಿದ್ದು' ಎಂದಳು ಮುದುಕಿ.

ಹೇಳಿದ ಮೇಲೆ ನೆಲ ಬಿರಿಯುತ್ತದೆ ಎಂದುಕೊಂಡಿದ್ದಳು. ಏನೂ ಆಗಲಿಲ್ಲ. ಸೊಸೆ ತಿರುಗಿಯೂ ನೋಡದೆ, 'ಅತ್ತೆ, ದಯವಿಟ್ಟು. ಹಟ ಮಾಡೋ ಮಗೂನ ವಹಿಸ್ಕೊಂಡು ಬರ್ಬೇಡಿ' ಎಂದಳು. 'ನಾನೇ ಬರ್ದಿದ್ದು ಕಣಮ್ಮ. ಎಲ್ಲಾ ಹಾಳೇನೂ' ಎಂದಳು ಮುದುಕಿ ಮತ್ತೆ. ದೊಡ್ಡವನು, 'ಅಜ್ಜಿಗೆ ಹೆಬ್ಬೆಟ್ಟು ಒತ್ತೋದು ಬಿಟ್ರೆ ಏನೂ ಬರಲ್ಲ' ಎಂದು ಕನ್ನಡಕದವಳ ಮಗನಿಗೆ ವಿವರಿಸಿದ. ಕನ್ನಡಕದವಳು ಕನಿಕರದಿಂದ ತಲೆಯಾಡಿಸಿದಳು: 'ಅಜ್ಜೀರು ಹಾಗೇ. ಮೊಮ್ಮಕ್ಕಳಿಗೋಸ್ಕರ ಕೊಲೆ ಬೇಕಾದ್ರೂ ಒಪ್ಕೋತಾರೆ.' ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಹೇಳುವುದನ್ನು ಹೇಳಿಯಾಗಿತ್ತು, ನಂಬದೆ ಇದ್ದದ್ದು ಅವರ ಪಾಡು. ಮಗುವನ್ನು ಹಟಮಾರಿ ಎಂದು ಎರಡು ದಿನ ಬೈಯುತ್ತಿದ್ದರು, ಮೂರನೆಯ ದಿನ ಮರೆಯುತ್ತಿದ್ದರು. ಆಮೇಲೆ ಎಷ್ಟೋ ಸಲ ಮುದುಕಿ, ಮಗುವಿನ ಹಿತಕ್ಕಾಗಿ ನಾನು ಮುಂದೆ ಹೋದೆ ಎಂದು ತನಗೆ ಹೇಳಿಕೊಳ್ಳಲು ನೋಡಿದಳು, ಮಾತು ಹೊಂದಲಿಲ್ಲ. ಆ ಗಳಿಗೆಯಲ್ಲಿ ಅವಳ ಕಣ್ಣಿಗೆ ಮಗು ಕಂಡಿರಲೇ ಇಲ್ಲ. ಏಳು ತಿಂಗಳು ಹೊಗಳಿಸಿಕೊಂಡ ಬರಹ ತನ್ನದೆಂದರೆ ನಂಬುವವರು ಒಬ್ಬರೂ ಇಲ್ಲವಲ್ಲ ಎಂಬ ಉರಿ, ಅಷ್ಟೇ. ಅವಳು ಮೇಜಿಗೆ ಹೋಗಿ, ಗುಮಾಸ್ತನ ಪೆನ್ನು ಎತ್ತಿಕೊಂಡು, ಅಲ್ಲಿದ್ದ ಖಾಲಿ ಫಾರಮ್ಮಿನ ಬೆನ್ನಿಗೆ ಬರೆಯತೊಡಗಿದಳು. ಏನು ಬರೆಯುವುದೆಂದು ತೋಚದೆ, ಕೈಗೆ ಆಗತಾನೆ ಬಂದದ್ದನ್ನೇ ಬರೆದಳು. ಅಪ್ಪಾ, ನನಗೆ ಈಗ ಓದಲು ಬರೆಯಲು ಬರುತ್ತದೆ.

ಗುಮಾಸ್ತ ಬಗ್ಗಿ ನೋಡಿದ. 'ಅದೇ ಕೈ' ಎಂದ. ಅವನ ಕೆಲಸವೇ ಅದು, ಕೈಬರಹ ಗುರುತು ಹಿಡಿಯುವುದು.

ಸೊಸೆ ಎದ್ದು ಬಂದಳು. ಕಾಗದವನ್ನು ನೋಡಿದಳು, ಬಹಳ ಹೊತ್ತು. ಅವಳ ಕಣ್ಣು ಆ ಒಂದು ಸಾಲಿನ ಮೇಲೆ ಇರಲಿಲ್ಲ. ಕಪಾಟಿನಲ್ಲಿದ್ದ ಕಟ್ಟನ್ನು ಒಂದೊಂದೇ ಹಾಳೆಯಾಗಿ ತಿರುವುತ್ತಿದೆಯೆಂದು ಮುದುಕಿಗೆ ಗೊತ್ತಾಗುತ್ತಿತ್ತು.

'ಎಲ್ಲವೂನಾ?'

'ಆ ಮೊದಲನೇ ನಕ್ಷತ್ರದ ಹಾಳೆಯಿಂದ ಎಲ್ಲಾ.'

'ಅವಳ ಹೆಸರು? ಹಾಳೆ ಮೇಲೆ ಹೆಸರು ಬರೀತಿದ್ಳಲ್ಲ?'

ಮುದುಕಿ ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟಳು. ಕನ್ನಡಕದವಳು ಮಗನ ಹೆಗಲ ಮೇಲೆ ಕೈಯಿಟ್ಟು, 'ಬಾರೋ, ಆ ಕಡೆ ಸ್ಟಾಂಪು ನೋಡೋಣ' ಎಂದು ಬೆಕ್ಕಿನ ಹೆಜ್ಜೆಯಲ್ಲಿ ನಡೆದಳು. ಬೈದಿದ್ದರೂ ಸೊಸೆಗೆ ಅಷ್ಟು ನೋಯುತ್ತಿರಲಿಲ್ಲ.

'ನನ್ನನ್ನ ಒಂದು ಮಾತು ಕೇಳಿದ್ದಿದ್ರೆ ನಿಮಗೂ ಕಲಿಸ್ತಿರ್ಲಿಲ್ವಾ ಅತ್ತೆ?' ಎಂದಳು ಸೊಸೆ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕೆಟ್ಟದ್ದು. ಕಲಿಸುತ್ತಿದ್ದಳೇ? ಇರಬಹುದು. ಒಂದು ಸಲ ಮುದುಕಿ ಪುಸ್ತಕದ ಮೇಲೆ ಬಗ್ಗಿದಾಗ, 'ಸ್ವಲ್ಪ ಬೆಳಕು ಬಿಡಿ' ಎಂದಿದ್ದಳು. ಅದನ್ನು ಈಗ ಹೇಳಬಹುದಾಗಿತ್ತು. ಆದರೆ ತಾನು ಕೇಳಿರಲಿಲ್ಲ, ಅದು ನಿಜ. ಕೇಳಿದರೆ ಕಲಿಯುವವಳಾಗುತ್ತಿದ್ದಳು, ಕೇಳದೆ ಇದ್ದದ್ದರಿಂದ ಕಳ್ಳಿಯಾದಳು.

ಸೊಸೆ ಗುಮಾಸ್ತನ ಕಡೆ ತಿರುಗಿ, 'ಆ ಕಾರ್ಡು ವಾಪಸ್ ಕೊಡಿ' ಎಂದಳು. ಅವನು ಕಟ್ಟಿದ ಚೀಲ ತೋರಿಸಿದ. 'ಮುದ್ರೆ ಬಿತ್ತು, ಅರಗೂ ಬಿತ್ತು. ಇನ್ನದು ಯಾರಿಗೆ ಬರ್ದಿದ್ದೀರೋ ಅವರದ್ದು ತಾಯಿ. ನಾಳೆ ಹತ್ತು ಗಂಟೆಗೆ ಅವರ ಮೇಜಿನ ಮೇಲಿರುತ್ತೆ. ನಮ್ಮಲ್ಲಿ ಕಾಗದ ತಪ್ಪಲ್ಲ.' ಕೊನೆಯ ಮಾತನ್ನು ಅವನು ಹೆಮ್ಮೆಯಿಂದ ಹೇಳಿದ.

ಮೆಟ್ಟಿಲ ಮೇಲೆ ಕೂತು ಡಬ್ಬಿ ಬಿಚ್ಚಿದರು. ದೊಡ್ಡವನು ಎರಡು ಮೊಟ್ಟೆ ತಿಂದ. ಮಿಡತೆ ಅಮ್ಮನಿಗೂ ಅಜ್ಜಿಗೂ ನಡುವೆ ಎಲ್ಲಿ ಕೂರುವುದೆಂದು ತಿಳಿಯದೆ ನಿಂತುಕೊಂಡೇ ಬ್ರೆಡ್ಡು ಕಚ್ಚಿದಳು. ಅಜ್ಜಿ ಕೈ ಚಾಚಿದರೆ ಬರಲಿಲ್ಲ. ಹೇಳಬಾರದೆಂದು ಬಾಯಿ ಕಟ್ಟಿಕೊಂಡಿದ್ದವಳು ಅವಳು, ಅಮ್ಮ ಕೇಳಿದಾಗಲೂ ನಾನೇ ಎಂದವಳು ಅವಳು. ಕೊನೆಗೆ ಬಾಯಿಬಿಟ್ಟವಳು ಅಜ್ಜಿ.

ಬಸ್ಸಿನಲ್ಲಿ ಸೊಸೆ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಮುಂದಿನ ಸೀಟಿನ ಬೆನ್ನಿಗಿದ್ದ, ತಲೆ ಹೊರಗೆ ಹಾಕಬೇಡಿ ಎಂಬ ಎಚ್ಚರಿಕೆಯ ಮೇಲೆ ಬೆರಳಿಟ್ಟಳು. 'ತ. ತಲೆಯ ತ. ಹೇಳು.' 'ತ.' 'ಮುಂದಿನದು?' ಮಿಡತೆಗೆ ತಿಳಿಯಲಿಲ್ಲ. ಬೆರಳು ಹಿಂದಕ್ಕೆ ಬಂತು. 'ತ. ಹೇಳು.' ಕೈ ತೆಗೆದು ಮತ್ತೆ ತೋರಿಸುವಷ್ಟರಲ್ಲಿ ಮೊದಲಿನದೂ ಮರೆತುಹೋಗಿತ್ತು. ಐದು ಸ್ಟಾಪು ಹೀಗೇ ಹೋಯಿತು. ಆಮೇಲೆ ಸೊಸೆ ಕಿಟಕಿಯಾಚೆ ನೋಡುತ್ತ ಮಗನನ್ನು ಕರೆದಳು.

'ದೊಡ್ಡೋನೆ, ಅಂಚೆ ಕಚೇರೀಲಿ ಆಗಿದ್ದು ಅಪ್ಪನಿಗೆ ಹೇಳೋದು ಬೇಡ.'

'ಸುಳ್ಳು ಹೇಳ್ಬೇಕಾ?'

'ಸುಳ್ಳಲ್ಲ. ಅವರಾಗಿ ಕೇಳಿದ್ರೆ ತಾನೆ ಹೇಳೋದು.'

ಹುಡುಗ ಅಮ್ಮನನ್ನು, ಸ್ಟಾಪಿನಲ್ಲಿ ಈಗತಾನೆ ಹತ್ತಿದ ಯಾರನ್ನೋ ನೋಡಿದ ಹಾಗೆ ನೋಡಿದ. ಆಮೇಲೆ, 'ಕಾಗೆ ಬಂದು ಹೇಳುತ್ತೆ ಬಿಡು' ಎಂದು ಗೊಣಗಿದ. ಸೊಸೆಗೆ ಕೇಳಿಸಿತು. ಕೇಳಿಸಲಿಲ್ಲವೆಂಬ ಹಾಗೆ ಚೀಲದಿಂದ ಒಂದು ಹಾಳೆ, ರಟ್ಟು, ಪೆನ್ಸಿಲು ತೆಗೆದು, ಮಗುವಿನ ತಲೆಯ ಮೇಲಿಂದ ಮುದುಕಿಯ ಕಡೆ ಚಾಚಿದಳು. ಪ್ರವಾಸದ ದಿನ ಮಕ್ಕಳು ನೋಡಿದ್ದನ್ನು ಬರೆಯಬೇಕು, ಸಂಜೆ ಅಪ್ಪನ ತಟ್ಟೆಯ ಪಕ್ಕ ಅದು ಇರಬೇಕು. ಮೇಲೆ ಮಿಡತೆಯ ಹೆಸರು ಹಾಕುವ ಜಾಗ ಖಾಲಿಯಿತ್ತು.

'ಬೇಡಮ್ಮ' ಎಂದಳು ಮುದುಕಿ. 'ಹೋಗಿ ಹೇಳಿಬಿಡೋಣ. ನನ್ನ ಮೇಲೆ ಹಾಕು. ನನ್ನ ಮಗ, ನನ್ನ ಬೈದ್ರೆ ಬೈಯ್ಲಿ.'

'ನಿಮ್ಮನ್ನ ಏನೂ ಬೈಯಲ್ಲ ಅವರು. ನಗ್ತಾರೆ. ಎರಡು ವರ್ಷ ಕೂತು ಕಲಿಸಿದ್ದು ಕೊನೆಗೆ ಅಮ್ಮನಿಗಾ ಅಂತ ನಗ್ತಾರೆ. ನಾಡಿದ್ದೇ ಇವರಿಬ್ಬರ ಬೆನ್ನಿಗೂ ಚೀಲ.' ಹಾಳೆ ಹಿಡಿದ ಕೈ ಹಾಗೇ ಗಾಳಿಯಲ್ಲಿತ್ತು. 'ಇನ್ನೆರಡು ತಿಂಗಳಿದೆ. ಹೊತ್ತು ನೋಡದೆ ಕೂರಿಸ್ಕೊಂಡು ಕಲಿಸ್ತೀನಿ. ಅಲ್ಲೀವರೆಗೂ ನೀವು ಶುರು ಮಾಡಿದ್ದನ್ನ ನೀವೇ ನಡೆಸ್ಬೇಕು. ನಾಲ್ಕು ಸಾಲು ಸಾಕು.'

ಮುದುಕಿ ಹಾಳೆ ತೆಗೆದುಕೊಂಡಳು. ಮಿಡತೆ ಅಮ್ಮನ ತೋಳಿನ ಮೇಲೆ ಗದ್ದವಿಟ್ಟು ನೋಡುತ್ತಿದ್ದಳು. ಮರೆಯಾಗಿ ನಡೆಯುತ್ತಿದ್ದದ್ದು ಹೀಗೆ ಹಾಡಹಗಲಲ್ಲಿ, ಅಮ್ಮನ ಕಣ್ಣೆದುರಿಗೆ ನಡೆಯಬಹುದೆಂದು ಅವಳಿಗೆ ಆಗತಾನೆ ತಿಳಿದಂತಿತ್ತು. ಮುಖದಲ್ಲಿ ಅಳು ಇಂಗಿ, ಒಂದು ಬಗೆಯ ಜಾಣತನ ಬಂದು ಕೂತಿತ್ತು. ಮುದುಕಿ ಆ ಮುಖದಿಂದ ಕಣ್ಣು ತಪ್ಪಿಸಿ ರಟ್ಟನ್ನು ಮಂಡಿಗೆ ಒತ್ತಿ ಹಿಡಿದಳು. ನಾನು ಇಂದು ಅಂಚೆ ಕಚೇರಿಗೆ ಹೋಗಿದ್ದೆನು. ಬೆರಳನ್ನು ಅಡಿಗಿಟ್ಟಿದ್ದರಿಂದ ಸಾಲು ನೆಟ್ಟಗೆ ಬಂತು. ಏಳು ತಿಂಗಳ ಕೈ ಈಗ ನಡುಗುತ್ತಿರಲಿಲ್ಲ, ದುಂಡಗಿರಬೇಕಾದ್ದು ದುಂಡಗೇ ಇತ್ತು, ಬಸ್ಸಿನ ಅಲುಗಾಟದಲ್ಲೂ.

ಸೊಸೆ ಬಗ್ಗಿ ನೋಡಿ, ರಬ್ಬರು ಕೊಟ್ಟಳು.

'ಇಷ್ಟು ಚೆನ್ನಾಗಿ ಬರೀಬೇಡಿ ಅತ್ತೆ. ಆರು ವರ್ಷದೋಳು ಬರ್ದ ಹಾಗಿರ್ಲಿ.'

ಮುದುಕಿ ಉಜ್ಜಿದಳು. ಹಾಳೆ ಕಪ್ಪಾಯಿತು, ಅದೂ ಒಳ್ಳೆಯದೇ, ಮಕ್ಕಳ ಹಾಳೆ ಹಾಗೆಯೇ ಇರುತ್ತದೆ. ಬೆರಳಿನ ಆಸರೆ ತೆಗೆದು, ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು, ಸೊನ್ನೆಯನ್ನು ಮೊಟ್ಟೆ ಮಾಡಿದಳು. ಕೈ ಒಪ್ಪಲಿಲ್ಲ; ಸೊಟ್ಟಗೆ ಎಳೆದದ್ದು ಬೇಕೆಂದೇ ಎಳೆದ ಹಾಗೆ ಕಾಣುತ್ತಿತ್ತು. ಮುಂದೆ ರಸ್ತೆ ಅಗೆದಿದ್ದಾರೆ ಎಂದು ಯಾರೋ ಹೇಳುವುದು ಕೇಳಿಸಿತು. ಅವಳು ಪೆನ್ಸಿಲಿನ ತುದಿಯನ್ನು ಹಾಳೆಗೆ ತಾಗಿಸಿ ಇಟ್ಟುಕೊಂಡು, ಬಸ್ಸು ಗುಂಡಿಗೆ ಇಳಿಯುವುದನ್ನೇ ಕಾದಳು.